ಗಾಜಿನ ಸಾಕ್ಷಿ

ಮಾರ್ಚ್ 4, ಬೆಳಿಗ್ಗೆ

...ಇಷ್ಟು ಕಲ್ಲಿನ ಕೆಳಗೆ ಕಣ್ಣು ಮುಚ್ಚೋದು ಹೇಗೆ, ಅಂತಲೋ ಏನೋ ಅಂದಿದ್ದಳು ಓದಿಲಿಯ. ಮಾತು ಸರಿಯಾಗಿ ನೆನಪಿಲ್ಲ. ನವೆಂಬರಿನ ಭೂಕಂಪದ ಮರುದಿನ. ಕೈಯಲ್ಲಿ ಸೂಟ್‌ಕೇಸ್ ಇತ್ತು, ಅದು ನೆನಪಿದೆ. ಹೆಂಡತಿ ಈಗ ಲಿಮಾದಲ್ಲಿ, ತನ್ನ ತಂಗಿಯ ಫ್ಲ್ಯಾಟಿನಲ್ಲಿ; ನಾನು ಇಲ್ಲಿ ಅರೆಕಿಪದಲ್ಲಿ. ಕಮಾನು ಚಾವಣಿ ಗಟ್ಟಿ ಅಂತ ಖಾತ್ರಿಯಾದರೆ ಬರುತ್ತಾಳೆ. ಇಲ್ಲದಿದ್ದರೆ ಮನೆ ಮಾರು — ಇದು ಫೋನಿನಲ್ಲಿ ಹೇಳಿದ್ದು.

ಅಡುಗೆಮನೆ ರಿಪೇರಿ ಮುಗಿದಿದೆ. ಬಿಸಿನೀರು ಬರುತ್ತದೆ. ಬಚ್ಚಲು ಈಗ ಒಳಗೇ. ಅಜ್ಜನ ಕಾಲದಿಂದ ಅಂಗಳ ದಾಟಿ ಹೋಗುತ್ತಿದ್ದೆವು. ಉಳಿದಿರುವುದು ಮಲಗುವ ಕೋಣೆ. ಅಪ್ಪ ಬಳಿಸಿದ್ದ ಸಿಮೆಂಟನ್ನು ಮೇಸ್ತ್ರಿ ಕಸಿಮಿರೊ ಕೆತ್ತಿ ತೆಗೆದ. ಕೆಳಗೆ ಬಿಳಿ ಕಲ್ಲು, ಇನ್ನೂ ತೇವ. ಬಾಗಿಲ ಮೇಲಿಂದ ಕಮಾನಿನವರೆಗೆ ಒಂದು ಬಿರುಕು.

"ಈ ಕಲ್ಲು ಉಸಿರಾಡಬೇಕು, ಮೇಷ್ಟ್ರೇ. ನಿಮ್ಮಪ್ಪ ಅದರ ಬಾಯಿಗೆ ಬಟ್ಟೆ ತುರುಕಿದ್ರು."

"ಬಿರುಕು ಹಳೇದಾ? ಇನ್ನೂ ಬೆಳೀತಿದೆಯಾ?"

"ನನ್ನ ಯಾಕೆ ಕೇಳ್ತೀರಿ? ಸಾಕ್ಷೀನ ಕೇಳೋಣ."

ಬೆರಳಗಲದ ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡು ತುದಿಗೂ ಜಿಪ್ಸಂ ಮೆತ್ತಿದ. ಪಕ್ಕದಲ್ಲಿ ತಾರೀಖು ಗೀಚಿದ. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಒಡೆದರೆ ಕಮಾನು ಇಳಿಸಿ ತಗಡು ಹೊದಿಸಬೇಕು. ಈಸ್ಟರ್‌ವರೆಗೆ ಕಾಯುವುದು. ಓದಿಲಿಯಳಿಗೂ ಫೋನಿನಲ್ಲಿ ಹೇಳಿದೆ.

ಮಾರ್ಚ್ 9

ಗಾಜು ಇದೆ.

ಮಾರ್ಚ್ 15

ಇದೆ. ಹಲ್ಲುಜ್ಜುವ ಮೊದಲು ಅದನ್ನೇ ನೋಡುತ್ತೇನೆ. ಅವಳ ಮುಖವನ್ನು ಹೀಗೆ ದಿನಾ ನೋಡಿದ್ದೆನೇ... ಇರಲಿ.

ಮಾರ್ಚ್ 24, ಗರಿಗಳ ಭಾನುವಾರ

ಒಡೆದಿದೆ.

ಭಾನುವಾರದ ಹಂದಿ ಸಾರು ಆದೋಬೊ, ಬ್ರೆಡ್ಡು ತರಲು ಹೋಗಿದ್ದೆ. ಬಂದು ನೋಡಿದರೆ ಸರಿಯಾಗಿ ನಡುವೆ, ಎರಡು ತುಂಡು. ನೆಲ ನಡುಗಿದ್ದು ಗೊತ್ತೇ ಆಗಲಿಲ್ಲ. ಪಕ್ಕದ ಮನೆಯ ಹೆರ್ಮಿನಿಯ — ಬೀದಿಗೆಲ್ಲ ಅತ್ತೆ — ಇಗರ್ಜಿಯಿಂದ ಬಂದವಳು ಅದರ ಮೇಲೆಯೇ ಗರಿಯ ಶಿಲುಬೆ ತೂಗುಹಾಕಿ ಹೋಗಿದ್ದಾಳೆ, ಮನೆ ಕಾಯಲಿ ಅಂತ. ತಡವಾಯಿತು, ಅತ್ತೆ.

ಆದೋಬೊ ಆರಿತು. "ಮನೆ ಮಾರೋಣ" ಎಂದು ಟೈಪ್ ಮಾಡಿದೆ. ಕಳಿಸಲಿಲ್ಲ.

ಮಾರ್ಚ್ 25

ಕಸಿಮಿರೊ ಏಣಿ ಹತ್ತಿದ. ಗರಿಯನ್ನು ಪಕ್ಕಕ್ಕೆ ಸರಿಸಿ ನೋಡಿದ. ಆಮೇಲೆ —

"ಈ ಮೊಳೆ ಯಾರು ಹೊಡೆದದ್ದು?"

"ನಾನೇ," ಬಾಗಿಲಲ್ಲಿ ಅತ್ತೆ. "ಪಾದ್ರಿ ತೀರ್ಥ ಚಿಮುಕಿಸಿದ ಗರಿ ಕಣೋ. ಬಿರುಕಿರೋ ಕಡೆ ಹೊಡೀದೆ ಅಡುಗೆಮನೇಲಿ ಹೊಡೀಲಾ?"

"ಎಪ್ಪತ್ತೆಂಟಕ್ಕೆ ಏಣಿ ಹತ್ತಿದ್ರಾ?"

"ನೀನು ಹತ್ತಲ್ವಾ, ಆ ಹೊಟ್ಟೆ ಇಟ್ಕೊಂಡು?"

"ಅಮ್ಮಾ, ಭೂಮಿ ಮಾಡದ ಕೆಲಸಾನ ನಿಮ್ಮ ಸುತ್ತಿಗೆ ಮಾಡಿದೆ!"

ಗಾಜಿನ ಮೇಲೆ ಏಟಿನ ಗುರುತು ತೋರಿಸಿದ. ಬಿರುಕು ಅಳೆದ. ಕೂದಲೆಳೆಯಷ್ಟೂ ಹೆಚ್ಚಿಲ್ಲ. ನಗು ಬಂತು. ನಿಲ್ಲಲಿಲ್ಲ. ಅತ್ತೆ ಹೆದರಿ ನೀರು ತಂದುಕೊಟ್ಟಳು.

ಹೊಸ ಗಾಜು, ಹೊಸ ತಾರೀಖು. ಇನ್ನೊಂದು ತಿಂಗಳು ಕಾಯುವುದು. ಗರಿಗೆ ಎದುರು ಗೋಡೆ. ಮೆಸೇಜು ಅಳಿಸಿದೆ.

ಏಪ್ರಿಲ್ 19, ಬೆಳಿಗ್ಗೆ 10

ನಡುಗಿತು. ಗಡ್ಡ ಹೆರೆಯುತ್ತಿದ್ದೆ. ಮೊದಲು ನಾಯಿಗಳು, ಆಮೇಲೆ ಲೋಟಗಳು, ಆಮೇಲೆ ನೆಲ. ಓಡಲಿಲ್ಲ. ಧೈರ್ಯವಲ್ಲ, ಗಾಜು ನೋಡುತ್ತಿದ್ದೆ. ಹೊಸ ಅಡುಗೆಮನೆಯಲ್ಲಿ ಎರಡು ಟೈಲ್ಸ್ ಬಿದ್ದವು. ಕಮಾನಿನಿಂದ ಒಂದು ಚಿಟಿಕೆ ಧೂಳು.

ಗಾಜು ಹಾಗೇ ಇದೆ.

ಮಧ್ಯಾಹ್ನ

ಕಸಿಮಿರೊ ಓಡೋಡಿ ಬಂದ, ಅರ್ಧ ಮುಖದ ಸೋಪು ನೋಡಿ ನಕ್ಕ. ಉದ್ದಕ್ಕೂ ಕಲ್ಲು ತಟ್ಟಿ ಕಿವಿಗೊಟ್ಟ.

"ಇನ್ನು ಸುಣ್ಣದ ಗಾರೆ ತುಂಬಿಬಿಡ್ತೀನಿ. ಅಮ್ಮಾವ್ರನ್ನ ಕರೆಸ್ಕೊಳ್ಳಿ, ಮೇಷ್ಟ್ರೇ. ಅಡುಗೆ ನಿಮ್ಮ ಕೈಲಾಗಲ್ಲ."

ಗಾಜಿನ ಫೋಟೋ ಕಳಿಸಿದೆ. ಮಾತೇನೂ ಬರೆಯಲಿಲ್ಲ. ಅವಳಿಂದ ಒಂದೇ ಸಾಲು: ಭಾನುವಾರ, ಅರೆಕಿಪದ ಮೊದಲ ಬಸ್ಸು.

ಗಾರೆ ತುಂಬಿದರೂ ಗಾಜು ಅಲ್ಲೇ ಇರಲಿ ಅಂದಿದ್ದೇನೆ. ಮಂಚ ಒಳಗೆ ತಂದಾಯಿತು. ಒಮ್ಮೆ ಈ ಗೋಡೆಗೆ ತಳ್ಳಿದೆ, ಒಮ್ಮೆ ಆ ಗೋಡೆಗೆ. ಹದಿನೇಳು ವರ್ಷ ಜೊತೆಗೆ ಮಲಗಿಯೂ ಗೊತ್ತಿಲ್ಲ... ಓದಿಲಿಯ, ಕಣ್ಣು ಬಿಟ್ಟ ತಕ್ಷಣ ಆ ಗಾಜು ಕಾಣುವ ಹಾಗಿರಬೇಕಾ, ಕಾಣದ ಹಾಗಾ?