ನಿಮ್ಮ ಸಹಿ ಬೀಳದ ಬಿಡುಗಡೆ ಪತ್ರ

ಪ್ರೀತಿಯ ಮೇಷ್ಟ್ರೇ,

ನಿಮ್ಮ ಹೆಸರಿಗೆ ಎಷ್ಟೋ ಕಾಗದ ಟೈಪು ಮಾಡಿದ್ದೇನೆ, ಎಲ್ಲಕ್ಕೂ ಕಾಲೇಜಿನ ಮೊಹರು. ಮೊಹರಿಲ್ಲದ್ದು ಇದೊಂದೇ, ಅದೂ ನೀವು ಹೋದ ಮೇಲೆ.

ಕೆಂಚಾರ್ಲಹಳ್ಳಿಯಿಂದ ಚಿಂತಾಮಣಿಯ ಹೈಸ್ಕೂಲಿಗೆ ಬಂದ ನನಗೆ ಚರಿತ್ರೆ ಹೇಳಿಕೊಟ್ಟವರು ನೀವು. ಮುಂದೆ ಹೊಸ ಕಾಲೇಜಿನ ಆಫೀಸಿನಲ್ಲಿ ನಾನು ಗುಮಾಸ್ತನಾದಾಗ, "ಖಾಯಂ ಆಗೇ ಆಗುತ್ತೆ, ಬನ್ನಿ ಮೇಷ್ಟ್ರೇ" ಎಂದು ನಿಮ್ಮ ಭದ್ರವಾದ ಹೈಸ್ಕೂಲು ಕೆಲಸ ಬಿಡಿಸಿದೆ. ನನಗ್ಯಾಕೆ ಬೇಕಿತ್ತು ಆ ಉಸಾಬರಿ?

ಪ್ರತಿ ಏಪ್ರಿಲ್‌ನಲ್ಲೂ ಪರೀಕ್ಷೆ ಮುಗಿದ ಮರುದಿನ ಬಿಡುಗಡೆ ಪತ್ರವನ್ನೂ ತಲುಪಿದ್ದಕ್ಕೆ ಸಹಿ ಪಡೆಯುವ ಟಪಾಲು ಪುಸ್ತಕವನ್ನೂ ಹಿಡಿದು ನಿಮ್ಮೆದುರು ನಿಲ್ಲುತ್ತಿದ್ದೆ. ತಾತ್ಕಾಲಿಕ ಅಧ್ಯಾಪಕರನ್ನು ಬೇಸಿಗೆ ರಜೆಗೆ ಮುಂಚೆ ಬಿಡುಗಡೆ ಮಾಡಿ, ಕಾಲೇಜು ತೆರೆದಾಗ ಹೊಸದಾಗಿ ನೇಮಿಸಿಕೊಳ್ಳುವುದು ನಮ್ಮಲ್ಲಿನ ಪದ್ಧತಿ. ಸೇವೆ ಹೀಗೆ ವರ್ಷವರ್ಷ ತುಂಡಾದರೆ ಖಾಯಂ ಮಾಡಿ ಎಂದು ಯಾರೂ ಕೇಳುವ ಹಾಗಿಲ್ಲವಲ್ಲ! ಪುಸ್ತಕದಲ್ಲಿ ಸಹಿ ಬಿದ್ದರೇ ಬಿಡುಗಡೆ ಎಂಬುದು ಆಡಳಿತ ಕಮಿಟಿಯ ಕಾರ್ಯದರ್ಶಿಗಳ ಕಟ್ಟುನಿಟ್ಟು. "ಏಮಪ್ಪಾ, ಈ ವರ್ಷಾನೂ ಕತ್ತು ಕುಯ್ಯಕ್ಕೆ ಬಂದ್ಯಾ?" ಎಂದು ನಕ್ಕು ಸಹಿ ಹಾಕುತ್ತಿದ್ದಿರಿ. ಒಮ್ಮೆ ಮಾತ್ರ ನಗಲಿಲ್ಲ. "ಒಂದು ಬೇಸ್ಗೆನಾದ್ರೂ ಮೇಷ್ಟ್ರಾಗೇ ಕಳೀಬೇಕು ಕಣೋ. ರಜದಲ್ಲಿ ಯಾರಾದ್ರೂ ಏನ್ ಕೆಲ್ಸ ಅಂದ್ರೆ ಬಾಯಿ ಕಟ್ಟೋಗುತ್ತೆ" ಎಂದಿರಿ. ನಾನು ಪುಸ್ತಕ ಮುಂದೆ ಚಾಚಿದೆ. ನನ್ನದೂ ವರ್ಷವರ್ಷದ ನೌಕರಿ. ಕಾರ್ಯದರ್ಶಿಗಳು ಮುಖ ಗಂಟಿಕ್ಕಿದರೆ ಮುಗಿಯಿತು.

ಈ ಏಪ್ರಿಲ್‌ನಲ್ಲಿ ಕೈವಾರದ ನಿಮ್ಮ ಮನೆಗೆ ಬಂದಾಗ ನೀವು ಹಾಸಿಗೆ ಹಿಡಿದಿದ್ದಿರಿ. ಆದರೂ "ಬಾರಪ್ಪಾ, ತಂದ್ಯಾ? ಕೊಡು" ಎಂದು ಕೈ ಚಾಚಿದಿರಿ. ಆ ಕೈ ನೋಡಿ ನನ್ನಿಂದ ಆಗಲಿಲ್ಲ.

"ಇಲ್ಲ ಮೇಷ್ಟ್ರೇ, ಸುಮ್ನೆ ನೋಡ್ಕೊಂಡೋಗಣ ಅಂತ ಬಂದೆ."

ಪತ್ರ ಚೀಲದಲ್ಲೇ ಉಳಿಯಿತು. ಗುಣವಾದ ಮೇಲೆ ಕೊಟ್ಟರಾಯಿತು ಎಂದುಕೊಂಡೆ. ಮೇ ತಿಂಗಳಲ್ಲಿ ನೀವು...

ಕಾಲೇಜು ತೆರೆದಾಗ ನಿಮಗೊಂದು ಸಂತಾಪ ಸಭೆಯೂ ನಡೆಯಲಿಲ್ಲ. "ಅವ್ರು ತೀರ್ಕೊಂಡಾಗ ನಮ್ ಸ್ಟಾಫೇ ಅಲ್ವಲ್ಲಮ್ಮ" ಎಂದರು ಕಾರ್ಯದರ್ಶಿಗಳು, ಆಫೀಸಿಗೆ ಬಂದಿದ್ದ ನಿಮ್ಮ ಮನೆಯವರಿಗೆ, ನಾನು ಅಮ್ಮ ಎನ್ನುವವರಿಗೆ. ನಾನು ಪತ್ರ ಕೊಟ್ಟೇ ಬಂದಿದ್ದೇನೆ ಎಂದುಕೊಂಡಿದ್ದರು. ಸೇವೆಯಲ್ಲಿದ್ದಾಗ ತೀರಿಕೊಂಡವರ ಸಾಲಿನಲ್ಲಿ ಕಾಲೇಜಿನ ಗೋಡೆಗೆ ಹಾಕಿಸಲೆಂದು ಅಮ್ಮ ತಂದಿದ್ದ ನಿಮ್ಮ ಫೋಟೋ ಸೆರಗಿನಲ್ಲೇ ವಾಪಸು ಹೋಯಿತು. ನಾನು ಅಲ್ಲೇ ಮೇಜಿನ ಹಿಂದೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಪತ್ರ ಕೊಡಲಿಲ್ಲ ಎಂದರೆ ನನ್ನ ಕೆಲಸ ಹೋಗುತ್ತದೆ, ಹೇಳದಿದ್ದರೆ ನಿಮ್ಮ ಹೆಸರು. ಎಂಥ ಹೇಡಿ ನಾನು ಮೇಷ್ಟ್ರೇ!

ಇವತ್ತು ಬೆಳಿಗ್ಗೆ ಒಡೆಯದ ಲಕೋಟೆಯನ್ನೂ ಟಪಾಲು ಪುಸ್ತಕವನ್ನೂ ಕಾರ್ಯದರ್ಶಿಗಳ ಮುಂದಿಟ್ಟೆ. ನಿಮ್ಮ ಹೆಸರಿನೆದುರು ಸಹಿಯ ಜಾಗ ಖಾಲಿ. "ಪತ್ರ ತಲುಪಿಲ್ಲ ಸಾರ್. ಅವ್ರಿಗೆ ಬಿಡುಗಡೆ ಆಗಿಲ್ಲ" ಎಂದೆ. ಅವರು ಪುಸ್ತಕ ಎಳೆದುಕೊಂಡು ಆ ಸಾಲು ನೋಡಿದರು. ನಿಯಮ ಅವರದೇ, ಮೀರುವ ಹಾಗಿರಲಿಲ್ಲ. "ನಿನ್ ವಿಷ್ಯ ಕಮಿಟೀಲಿ ನೋಡ್ಕೋತೀನಿ. ಮೊದ್ಲು ಸ್ಟಾಫ್ ರಿಜಿಸ್ಟರ್‌ನಲ್ಲಿ ಇದನ್ನ ಸರಿಯಾಗಿ ಬರಿ" ಎಂದರು.

ಬರೆದೆ. 'ಸೇವೆಯಲ್ಲಿದ್ದಾಗ ನಿಧನ' ಎಂದು, ನನ್ನ ಕೈಯಾರೆ. ನನ್ನ ಬಿಡುಗಡೆ ಪತ್ರ ಯಾರು ಟೈಪು ಮಾಡುತ್ತಾರೋ, ಗೊತ್ತಿಲ್ಲ. ನಾಳೆ ಮೊದಲ ಬಸ್ಸಿಗೆ ಕೈವಾರಕ್ಕೆ ಹೋಗಿ ಅಮ್ಮನಿಂದ ಫೋಟೋ ತರುತ್ತೇನೆ.

ಈ ಬೇಸಿಗೆ ನೀವು ಕೆಲಸದಲ್ಲಿದ್ದಿರಿ ಮೇಷ್ಟ್ರೇ. ಕೈವಾರಕ್ಕೆ ಬಂದ ಅವತ್ತೇ ನಿಮಗೆ ಹೇಳಿಬಿಡಬೇಕಿತ್ತು.

ನಿಮ್ಮ
ನಾರಾಯಣಸ್ವಾಮಿ