ನಲವತ್ತೊಂದನೆಯ ಪುಟದ ಅಣಬೆ

ಸಂಗು,

ಪಾರಿಶ್ವಾಡದ ಚಿಕ್ಕವ್ವ ಅಣಬೆ ಉಂಡು ಖಾನಾಪುರದ ಆಸ್ಪತ್ರೆಯಲ್ಲಿದ್ದಾಳೆ. ವಾಂತಿ ನಿಂತಿಲ್ಲವಂತೆ. ನಾನು ಅಲ್ಲಿಗೆ ಹೊರಟಿದ್ದೇನೆ. ನಿನ್ನನ್ನು ಎಬ್ಬಿಸಲಿಲ್ಲ, ಎಬ್ಬಿಸಿದ್ದರೆ ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ.

ಪಡಸಾಲೆಯಲ್ಲಿರುವ ನನ್ನ ಅಣಬೆ ಪುಸ್ತಕದ ಒಂದು ಪ್ರತಿಯೂ ಇನ್ನು ಹೊರಗೆ ಹೋಗಬಾರದು. ಪೀರನವಾಡಿಯ ಅಂಗಡಿಯಲ್ಲಿ ಇಟ್ಟದ್ದನ್ನೂ ಇವತ್ತೇ ವಾಪಸ್ ತಾ. ಯಾಕೆಂದು ಕೇಳಿದರೆ ಅಚ್ಚಿನ ತಪ್ಪು ಎಂದು ಹೇಳಬೇಡ.

ನಲವತ್ತೊಂದನೆಯ ಪುಟ ತೆಗೆದು ನೋಡು. ಮಣ್ಣು ಮೆತ್ತಿದ ಬುಡ ಚಂದ ಕಾಣುವುದಿಲ್ಲವೆಂದು ನೀನು ಅದನ್ನು ಕೊಯ್ದು ಫೋಟೊ ತೆಗೆದೆ. ವಿಷದ ಅಣಬೆಗೆ ಬುಡದಲ್ಲಿ ಚೀಲ ಇರುತ್ತದೆ, ಚಿತ್ರದಲ್ಲಿರುವ ಈ ತಿನ್ನುವ ಅಣಬೆಗೆ ಇರುವುದಿಲ್ಲ. ಮೇಲಿನಿಂದ ಎರಡೂ ಒಂದೇ ಥರ. ಇದೆಲ್ಲ ಗೊತ್ತಿದ್ದೂ ನಾನು ಆ ಫೋಟೊ ಒಪ್ಪಿದೆ.

ಹಾಲು ಕಾಯಿಸಿಲ್ಲ. ಚಿಕ್ಕವ್ವನ ಎರಡು ಸೀರೆ ನನ್ನ ಕಪಾಟಿನಲ್ಲಿವೆ, ಮಧ್ಯಾಹ್ನ ಬರುವಾಗ ತಾ. ಕ್ಯಾಮೆರಾ ತರಬೇಡ.

ಬುಡದವರೆಗೆ ಅಗೆದು ನೋಡಬೇಕೆಂದು ನನಗೆ ಕಲಿಸಿದವಳೇ ಅವಳು. ಮೊದಲ ದಿನ ತಾನೊಬ್ಬಳೇ ಉಂಡು, ಮರುದಿನ ಉಳಿದವರಿಗೆ ಬಡಿಸುತ್ತಿದ್ದಳು. ಅದಕ್ಕೇ ಈ ಸಲವೂ ಮನೆಯವರೆಲ್ಲ ಉಳಿದರು.

ಮೊನ್ನೆ ಅವಳ ಮಗ ಬಾಳೇಶ ಬುಡ ಕೊಯ್ದು ತಂದ ಅಣಬೆ ನೋಡಿ, ಇದು ಬೇಡ, ಚೆಲ್ಲು ಅಂದಳಂತೆ. ಅವನು ನಮ್ಮ ಪುಸ್ತಕ ತೆರೆದು ಚಿತ್ರ ತೋರಿಸಿದನಂತೆ.

"ನಮ್ಮ ಹುಡುಗಿ ಬರದಾಳಂದ್ರ ಖರೇನ ಇರ್ತೈತಿ. ತಾ ಇಲ್ಲೆ, ಪಲ್ಲ್ಯಾ ಮಾಡ್ತೀನಿ" ಅಂದಳಂತೆ.

ಅಕ್ಕ