ನಲವತ್ತೈದು ದಿನದ ಹೆಬ್ಬೆಟ್ಟು

ವಿಶಾಖಪಟ್ಟಣ
18 ನವೆಂಬರ್ 2024, ಸೋಮವಾರ

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿ ಸುಮಿತ್ರಾ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ ಎಂದು ಬರೆಯಲು ಕೈ ಬರುತ್ತಿಲ್ಲ, ಆದ್ದರಿಂದ ಅದನ್ನು ಬಿಟ್ಟಿದ್ದೇನೆ. ದೀಪಾವಳಿಗೆ ವಿಜಯವಾಡಕ್ಕೆ ಬಂದು ನಿನಗೆ ಆರತಿ ಮಾಡದೆ, ವೈನಿ ಬಡಿಸಿದ ಹೋಳಿಗೆಯನ್ನು ತಾಟಿನಲ್ಲೇ ಬಿಟ್ಟು ಎದ್ದು ಬಂದೆನಲ್ಲ, ಅದಕ್ಕೆ ವೈನಿಯ ಕ್ಷಮೆ ಕೇಳುತ್ತೇನೆ. ಅವರದು ಏನೂ ತಪ್ಪಿರಲಿಲ್ಲ. ಬರೆಯಲು ಹದಿನಾರು ದಿನ ತಡವಾಯಿತು. ನಾಲ್ಕು ಸಲ ಶುರುಮಾಡಿ ನಾಲ್ಕು ಸಲವೂ ಹರಿದುಹಾಕಿದೆ, ಅವುಗಳಲ್ಲಿ ಬರೀ ಬೈಗುಳವಿತ್ತು. ಇದರಲ್ಲೂ ಇದೆ. ಆದರೆ ಇದರಲ್ಲಿ ಸ್ವಲ್ಪ ವಿಷಯವೂ ಇದೆ.

ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳಬೇಡ. ಮಾಡಿದರೆ "ಮೀಟಿಂಗ್‌ನ್ಯಾಗ ಅದೀನಿ" ಅನ್ನುತ್ತೀ. ವಾಟ್ಸಾಪಿನಲ್ಲಿ ಹಾಕಿದರೆ ಕೈಮುಗಿದ ಚಿತ್ರ ಒಂದನ್ನು ಕಳಿಸಿ ಸುಮ್ಮನಾಗುತ್ತೀ. ಕಾಗದವಾದರೆ ಕೊನೆಯವರೆಗೆ ಓದಲೇಬೇಕು. ನಿನ್ನ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ ಎಂದು ಅವ್ವ ಇದ್ದಷ್ಟು ದಿನ ಕೊರಗುತ್ತಿದ್ದಳು. ಈ ಕಾಗದದ ಮಟ್ಟಿಗೆ ಅದು ಒಳ್ಳೆಯದೇ ಆಯಿತು.

ಇವರು ಚೆನ್ನಾಗಿದ್ದಾರೆ. ಹಡಗು ರಿಪೇರಿಗೆ ನಿಂತಿರುವುದರಿಂದ ಈ ತಿಂಗಳು ದಿನವೂ ಮನೆಗೆ ಊಟಕ್ಕೆ ಬರುತ್ತಾರೆ. ತೃಪ್ತಿ ಒಂಬತ್ತನೆಯ ತರಗತಿ, ಬಾಯಿ ತೆರೆದರೆ ತೆಲುಗು. ಮನೆಯ ಸುದ್ದಿ ಇಷ್ಟೇ.

ಈಗ ಅಚ್ಯುತಾಪುರಂ ಕಡೆಯ ಆ ಹಳ್ಳಿಯ ವಿಷಯ. ನೀನು ಅಂದು ಪೂರ್ತಿ ಕೇಳಲಿಲ್ಲ, ನಡುವೆ ಎರಡು ಸಲ ಗಡಿಯಾರ ನೋಡಿದೆ. ಮೊದಲಿನಿಂದ ಹೇಳುತ್ತೇನೆ.

ಜುಲೈನಲ್ಲಿ ನೀನೇ ಅಲ್ಲವೇ ಫೋನ್ ಮಾಡಿದ್ದು? "ಸುಮಿ, ನಮ್ಮ ಬ್ಯಾಂಕಿನವ್ರು ಹಳ್ಳಿ ಹೆಣ್ಮಕ್ಕಳಿಗೆ ಕಂಪ್ಯೂಟರ್ ಕಲಿಸೂ ಕೇಂದ್ರ ತಗೀಲಿಕತ್ತಾರ. ಆ ಕೆಲಸ ನನ್ನ ಟೇಬಲ್ಲಿಗೆ ಬಂದೈತಿ. ನಿನಗ ತೆಲುಗು ಬರ್ತೈತಿ, ಕಂಪ್ಯೂಟರೂ ಬರ್ತೈತಿ. ಉದ್ಘಾಟನೆಗೆ ಒಂದು ಹೆಜ್ಜಿ ಹೋಗಿ ಬಾರವಾ." ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ? ಗದಗಿನಲ್ಲಿ ಡಿಪ್ಲೊಮಾ ಮಾಡಿ ಹದಿನೈದು ವರ್ಷ ಕುಕ್ಕರಿನ ಸೀಟಿ ಎಣಿಸಿದವಳು ನಾನು. ಹೊಸ ಸೀರೆ ಉಟ್ಟುಕೊಂಡು ಎರಡು ಬಸ್ಸು ಬದಲಿಸಿ ಹೋದೆ.

ಸಮುದಾಯ ಭವನದಲ್ಲಿ ಹನ್ನೆರಡು ಹೊಸ ಕಂಪ್ಯೂಟರು ಸಾಲಾಗಿದ್ದವು. ಪ್ರತಿಯೊಂದಕ್ಕೂ ಅರಿಶಿನ, ಕುಂಕುಮ, ಒಂದೊಂದು ಚೆಂಡುಹೂವು. ನಿಮ್ಮ ಬ್ಯಾಂಕು ಗುತ್ತಿಗೆ ಕೊಟ್ಟ ಶೇಷಗಿರಿ ಎಂಬ ಮನುಷ್ಯ ಫೋಟೊ ತೆಗೆಸಿದ, ಲಡ್ಡು ಹಂಚಿದ. ಆಮೇಲೆ ಹೂವು ತೆಗೆದು ಎಲ್ಲದಕ್ಕೂ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ. "ಯಾರೂ ಮುಟ್ಟಬೇಡಿ ಅಮ್ಮಾ, ಕೆಟ್ಟರೆ ನನ್ನ ತಲೆಗೆ ಬರುತ್ತದೆ" ಎಂದು ಮೂವತ್ತು ಹೆಂಗಸರಿಗೂ ಕೈಮುಗಿದು ಹೇಳಿದ. ಮರುದಿನಕ್ಕೆ ಸರಿಹೋಗಬಹುದು ಎಂದುಕೊಂಡು ನಾನು ಮನೆಗೆ ಬಂದೆ.

ಎರಡು ವಾರದ ಮೇಲೆ ಒಂದು ಶನಿವಾರ, ನಾನೇ ಏನಾದರೂ ಕಲಿಸೋಣವೆಂದು ಹೋದೆ. ಹೊದಿಕೆ ಹಾಗೇ ಇದ್ದವು. ಬಾಗಿಲ ಬಳಿ ಒಂದು ಮೇಜು, ಅದರ ಮೇಲೆ ಹೆಬ್ಬೆಟ್ಟು ಒತ್ತುವ ಯಂತ್ರ. ಹೆಂಗಸರು ಸಾಲಾಗಿ ಬಂದರು. "ವೇಲು ಪೆಟ್ಟಂಡಿ, ವೇಲು ಪೆಟ್ಟಂಡಿ," ಬೆರಳಿಡಿ ಬೆರಳಿಡಿ ಎಂದು ಒಬ್ಬ ಹುಡುಗಿ ಕೂಗುತ್ತಿದ್ದಳು. ಬಂದದ್ದಕ್ಕೆ ಒಂದು ಒತ್ತು. ಹತ್ತು ನಿಮಿಷ ಜಗಲಿಯ ಮೇಲೆ ಮಾತು. ಹೋಗುವುದಕ್ಕೆ ಇನ್ನೊಂದು ಒತ್ತು. ಅಷ್ಟೇ, ಅಂದಿನ ತರಗತಿ ಮುಗಿಯಿತು.

ಅವರನ್ನು ಬೈಯಬೇಡ ಅಣ್ಣಾ. ಅಕ್ಕಿಗೂ ಹೆಬ್ಬೆಟ್ಟು, ಪಿಂಚಣಿಗೂ ಹೆಬ್ಬೆಟ್ಟು, ಸಿಮ್ ಕಾರ್ಡಿಗೂ ಹೆಬ್ಬೆಟ್ಟು. ಯಂತ್ರದ ಮೇಲೆ ಬೆರಳಿಟ್ಟು ಹಸಿರು ದೀಪ ಬಂದರೆ ಕೆಲಸವಾಯಿತು ಎಂದು ಸರಕಾರವೇ ಅವರಿಗೆ ಕಲಿಸಿದೆ. ಕಂಪ್ಯೂಟರ್ ಕಲಿಯುವುದೆಂದರೂ ಅದೇ ಎಂದು ಅವರು ನಂಬಿದ್ದರು. ಅರವತ್ತು ದಾಟಿದ ಕೋಟೇಶ್ವರಮ್ಮ ನನ್ನ ಕೈ ಹಿಡಿದು, "ಇಷ್ಟು ಸುಲಭದ ಓದು ನಮ್ಮ ಕಾಲದಲ್ಲಿ ಇರಲಿಲ್ಲ ಮೇಡಂಗಾರು" ಎಂದಳು. ಆಕೆ ಬಂದದ್ದು ಸೊಸೆಗೆ ಜೊತೆಯಾಗಲಿ ಎಂದು. ಶೇಷಗಿರಿಗೆ ಪಟ್ಟಿಯಲ್ಲಿ ಮೂವತ್ತು ತುಂಬಬೇಕಿತ್ತು, ಆಕೆಯ ಹೆಸರನ್ನೂ ಸೇರಿಸಿಬಿಟ್ಟಿದ್ದ.

ಆ ಸೊಸೆಯೇ ಗಂಗಾಭವಾನಿ.

ಗಂಗಾಭವಾನಿ ಸೀಗಡಿ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುತ್ತಾಳೆ. ಎಂಟು ವರ್ಷ ಐಸ್ ನೀರಿನಲ್ಲಿ, ಔಷಧಿ ನೀರಿನಲ್ಲಿ ಕೈಯಿಟ್ಟು ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋಗಿವೆ. ನಾನು ಹಿಡಿದು ನೋಡಿದೆ, ಗೋಲಿಯ ಹಾಗೆ ನುಣ್ಣಗಿವೆ. ಯಂತ್ರಕ್ಕೆ ಆಕೆಯ ಹೆಬ್ಬೆಟ್ಟು ಸಿಗುತ್ತಿರಲಿಲ್ಲ. ಉಳಿದವರು ಒತ್ತಿ ಮನೆಗೆ ಹೋದರೆ ಆಕೆ ಮಾತ್ರ ಸೆರಗಿಗೆ ಬೆರಳು ತಿಕ್ಕಿ, ಎಣ್ಣೆ ಹಚ್ಚಿ, ಮತ್ತೆ ಒರೆಸಿ, ಗಂಟೆಗಟ್ಟಲೆ ಕೂತಿರುತ್ತಿದ್ದಳು. ಕೆಲವು ದಿನ ದೀಪ ಹಸಿರಾಗುತ್ತಿತ್ತು, ಹೆಚ್ಚಿನ ದಿನ ಕೆಂಪು. ಹಾಗೆ ಕೂತು ಕೂತು ಬೇಸರವಾಗಿ ಒಂದು ದಿನ ಹೊದಿಕೆ ಎತ್ತಿ ನೋಡಿದಳಂತೆ. ನಾನು ಹೋದ ಶನಿವಾರ ಕೇಳಿದ ಮೊದಲ ಪ್ರಶ್ನೆ: "ಮೇಡಂಗಾರು, ಇದರೊಳಗೆ ಏನಾದರೂ ಕಲಿಯೋದು ಇದೆಯಾ?"

ಇಡೀ ಕೇಂದ್ರದಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ಕಾರ್ಖಾನೆಯ ಸ್ಟೋರಿನಲ್ಲಿ ಬಂದ ಮಾಲು, ಹೋದ ಮಾಲು ಕಂಪ್ಯೂಟರಿಗೆ ತುಂಬುವ ಕೆಲಸವಿದೆ. ಒಣಗಿದ ಜಾಗ, ಕುರ್ಚಿ, ಫ್ಯಾನು. ಸರ್ಟಿಫಿಕೇಟ್ ತಂದರೆ ನೋಡೋಣ ಎಂದು ಮೇಲ್ವಿಚಾರಕರು ಆಕೆಗೆ ಹೇಳಿದ್ದರು. ಚಳಿಗೆ ಆಕೆಯ ಬೆರಳ ಗಂಟುಗಳು ಬಾತುಕೊಳ್ಳುತ್ತವೆ ಅಣ್ಣಾ, ಇಪ್ಪತ್ತೇಳನೆಯ ವಯಸ್ಸಿಗೆ. ಆಸ್ಪತ್ರೆಯವರು ನೀರು ಬಿಡು ಎಂದಿದ್ದಾರೆ. ಆಕೆಗೆ ಬೇಕಾದದ್ದು ಆ ಕುರ್ಚಿ ಮಾತ್ರ.

ನಾನು ಶನಿವಾರ, ಭಾನುವಾರ ತಪ್ಪದೆ ಹೋದೆ. ಆಕೆ ರಾತ್ರಿ ಪಾಳಿ ಬೇಡಿ ಪಡೆದು ಹಗಲೆಲ್ಲ ಅಭ್ಯಾಸ ಮಾಡಿದಳು. ಬೆರಳು ಮರಗಟ್ಟಿದ್ದರಿಂದ ಮೊದಮೊದಲು ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತಿದ್ದವು. ನಲವತ್ತನೆಯ ದಿನಕ್ಕೆ ಒಂದು ಪುಟದ ಪಟ್ಟಿಯನ್ನು ತಪ್ಪಿಲ್ಲದೆ ತುಂಬಿ, ಕೂಡಿಸಿ, ಪ್ರಿಂಟ್ ತೆಗೆದು ನನ್ನ ಕೈಗಿಟ್ಟಳು. ನನ್ನ ಡಿಪ್ಲೊಮಾ ಕೈಗೆ ಬಂದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಸೆಪ್ಟೆಂಬರಿನಲ್ಲಿ ನಿನ್ನ ಸಹಿ ಇರುವ ಸರ್ಟಿಫಿಕೇಟ್ ಬಂದವು. ಇಪ್ಪತ್ತೊಂಬತ್ತು. ಗಂಗಾಭವಾನಿಗೆ ಇಲ್ಲ! ನಲವತ್ತೈದು ದಿನದ ತರಬೇತಿಯಲ್ಲಿ ಹದಿನೆಂಟು ದಿನ ಮಾತ್ರ ಹಸಿರು ದೀಪ, ಹಾಜರಾತಿ ಸಾಲದು ಎಂದು ಶೇಷಗಿರಿ ಓದಿ ಹೇಳಿದ. ದಿನಾ ಬಂದವಳು ಗೈರು, ಹತ್ತು ನಿಮಿಷ ಜಗಲಿಯಲ್ಲಿ ಕೂತವರು ಪಾಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು. ಈಗ ಅವರ ಮನೆಯ ಗೋಡೆಯಲ್ಲಿ ವೆಂಕಟರಮಣನ ಫೋಟೊದ ಪಕ್ಕ ಕಟ್ಟು ಹಾಕಿಸಿದ ಸರ್ಟಿಫಿಕೇಟ್ ಇದೆ. ಅತ್ತೆಯದು. ಮೌಸನ್ನು ಇಲಿಯ ಬೋನಿನ ಹಾಗೆ ದೂರದಿಂದ ನೋಡಿದ ಕೋಟೇಶ್ವರಮ್ಮನದು. ಪಾಪ, ಆ ಮುದುಕಿ ಅದನ್ನು ತೆಗೆದು, "ನನ್ನ ಹೆಸರು ಅಳಿಸಿ ಇವಳದು ಬರೆಯಿರಿ" ಎಂದು ಶೇಷಗಿರಿಯ ಮುಂದೆ ಹಿಡಿದಳು. ಆತ ನಕ್ಕ.

ಸ್ಟೋರಿನ ಕುರ್ಚಿ ಲಕ್ಷ್ಮೀಪ್ರಸನ್ನ ಎಂಬ ಹುಡುಗಿಗೆ ಸಿಕ್ಕಿತು. ಅದೇ ಮೂವತ್ತರಲ್ಲಿ ಒಬ್ಬಳು, ಕೈಯಲ್ಲಿ ನಿನ್ನ ಸಹಿಯ ಕಾಗದ. ಅವಳಿಗೆ ಕಂಪ್ಯೂಟರ್ ಆನ್ ಮಾಡಲು ಕೂಡ ಗೊತ್ತಿಲ್ಲ. ಊಟದ ಹೊತ್ತಿಗೆ ಅಳುತ್ತಾ ಸಿಪ್ಪೆ ಸುಲಿಯುವ ಜಾಗಕ್ಕೆ ಬರುತ್ತಾಳೆ. ಗಂಗಾಭವಾನಿ ಗವಸು ಬಿಚ್ಚಿ, ಕೈ ಒರೆಸಿಕೊಂಡು ಹೋಗಿ, ಅವಳ ಕುರ್ಚಿಯ ಪಕ್ಕ ನಿಂತು ಅಂದಿನ ಲೆಕ್ಕವನ್ನೆಲ್ಲ ತುಂಬಿ, ಮತ್ತೆ ಐಸ್ ನೀರಿಗೆ ಮರಳುತ್ತಾಳೆ. ನಿಂತುಕೊಂಡು, ಅಣ್ಣಾ. ಕೂರುವುದಿಲ್ಲ. ಯಾಕೆ ಮಾಡುತ್ತೀ ಎಂದು ನಾನು ರೇಗಿದೆ. "ಅವಳೇನು ಕದ್ದಿದ್ದಾಳಾ ಮೇಡಂಗಾರು? ಕೊಟ್ಟರು, ತೆಗೆದುಕೊಂಡಳು" ಎಂದಳು.

ಇದನ್ನು ಹೇಳಲೆಂದೇ ನಾನು ಪಾಡ್ಯದ ದಿನ ನಿನ್ನ ಮನೆಗೆ ಬಂದದ್ದು. ಬೆರಳು ಸವೆದವರಿಗೆ ಪುಸ್ತಕದ ಹಾಜರಾತಿಯನ್ನು ಒಪ್ಪಿ ಅಧಿಕಾರಿ ಒಂದು ಪತ್ರ ಬರೆದರೆ ಸಾಕು ಎಂದು ನಿಮ್ಮ ನಿಯಮದಲ್ಲೇ ಇದೆ. ಕೇಂದ್ರದ ಆ ಪುಸ್ತಕ ನನ್ನ ಹತ್ತಿರ ಇದೆ, ಆಕೆಯ ಪ್ರತಿದಿನದ ಸಹಿಯೊಂದಿಗೆ. ನಾಲ್ಕು ಸಾಲು ಬರೆಯಲು ಕೇಳಿದೆ. ನೀನು ಏನೆಂದೆ?

"ಒಬ್ಬಾಕಿಗೆ ಅಂತ ನಾ ಬರದು ಕೊಟ್ಟರ ಮ್ಯಾಲಿನವ್ರು ಇಡೀ ಪಟ್ಟಿ ತಗದು ನೋಡ್ತಾರ ಸುಮಿ. ಉಳದವ್ರು ಬಂದದ್ದಕ್ಕೂ ಹೋದದ್ದಕ್ಕೂ ನಡುವ ಹತ್ತು ನಿಮಿಷನೂ ಇಲ್ಲ. ಅದು ಹೊರಗ ಬಂತಂದ್ರ ನನ್ನ ಕುತಿಗಿಗೆ ಬರ್ತೈತಿ. ಜನವರಿಗೆ ಹುಬ್ಬಳ್ಳಿ ಟ್ರಾನ್ಸ್‌ಫರ್ ಆಗೂದೈತಿ, ಈಗ ಗದ್ದಲ ಮಾಡಬ್ಯಾಡ."

ಅಂದರೆ ನಿನಗೆ ಗೊತ್ತಿತ್ತು! ನಾನು ರೈಲಿನಲ್ಲಿ ಬರುವಾಗ ದಾರಿಯುದ್ದಕ್ಕೂ, ಪಾಪ ಅಣ್ಣನಿಗೆ ಈ ಮೋಸ ತಿಳಿದಿಲ್ಲ, ತಿಳಿದರೆ ಶೇಷಗಿರಿಯ ಗತಿ ಏನೋ ಎಂದು ಯೋಚಿಸುತ್ತಾ ಬಂದಿದ್ದೆ. ನೀನು ಆ ಹತ್ತು ನಿಮಿಷಗಳನ್ನು ಪಟ್ಟಿಯಲ್ಲಿ ನೋಡಿ, ನೋಡಿದ ಮೇಲೆ ಸಹಿ ಮಾಡಿದ್ದೀ. ಸುಳ್ಳು ಸಹಿ ಇಪ್ಪತ್ತೊಂಬತ್ತು ಹಾಕಲು ಹೆದರದ ಕೈ ನಿಜದ ಸಹಿ ಒಂದನ್ನು ಹಾಕಲು ಹಿಂದೆ ಸರಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಅವ್ವ ಅನ್ನುತ್ತಿದ್ದಳಲ್ಲ, ಆ ಪೂಜಾರಿ ನಮ್ಮ ಮನೆಯಲ್ಲೇ ಹುಟ್ಟಿದ್ದಾನೆಂದು ಅವಳಿಗೆ ಗೊತ್ತಾಗಲಿಲ್ಲ, ಪುಣ್ಯ. ನಿಮ್ಮ ಬ್ಯಾಂಕಿನ ಕ್ಯಾಲೆಂಡರಿನಲ್ಲಿ ಆ ಉದ್ಘಾಟನೆಯ ಫೋಟೊ ಹಾಕಿದ್ದೀರಂತೆ. ಎಡದಿಂದ ಎರಡನೆಯವಳು ಗಂಗಾಭವಾನಿ. ನೋಡಿಕೋ.

ಈಗ ಕೇಳು. ಸ್ಟೋರಿನಲ್ಲಿ ಇನ್ನೊಂದು ಕುರ್ಚಿ ಡಿಸೆಂಬರಿಗೆ ಖಾಲಿಯಾಗುತ್ತದೆ. ಅರ್ಜಿಗೆ ಈ ತಿಂಗಳ ಮೂವತ್ತು ಕೊನೆಯ ದಿನ. ಮೇಜಿನ ಮೇಲೆ ಈ ಕಾಗದದ ಪಕ್ಕ ಇನ್ನೊಂದು ಕಾಗದವಿದೆ, ನಿನ್ನ ಮೇಲಧಿಕಾರಿಗಳಿಗೆ. ಹಾಜರಾತಿ ಪುಸ್ತಕದ ನಕಲು, ಹೊದಿಕೆ ಹಾಕಿದ ಹನ್ನೆರಡು ಕಂಪ್ಯೂಟರಿನ ಫೋಟೊ, ತರಬೇತಿ ಮುಗಿದ ಮೇಲೆ ಶೇಷಗಿರಿ ಬೀಗ ಹಾಕಿದ ಬಾಗಿಲಿನ ಫೋಟೊ ಎಲ್ಲವನ್ನೂ ಲಗತ್ತಿಸಿದ್ದೇನೆ. ಇಪ್ಪತ್ತಾರಕ್ಕೆ ನಿನ್ನ ಪತ್ರ ಬಾರದಿದ್ದರೆ ಅದನ್ನು ಅಂಚೆಗೆ ಹಾಕುತ್ತೇನೆ. ಹಾಕಿದರೆ ಲಕ್ಷ್ಮೀಪ್ರಸನ್ನಳ ಕೆಲಸವೂ ಹೋಗಬಹುದು, ನಿನ್ನ ಹುಬ್ಬಳ್ಳಿಯೂ ಹೋಗಬಹುದು, ನಮ್ಮಿಬ್ಬರ ಮಾತೂ ನಿಲ್ಲಬಹುದು. ಎಲ್ಲ ಯೋಚಿಸಿದ್ದೇನೆ. ಇವರು ಕೂಡ ಓದಿ, "ಅಣ್ಣನ ನೌಕರಿ ವಿಚಾರ, ನೋಡ್ಕೊಂಡು ಮಾಡು" ಎಂದರು. ನೋಡಿಕೊಂಡೇ ಮಾಡುತ್ತಿದ್ದೇನೆ.

ನೀನೇ ಬರೆದರೆ ಒಳ್ಳೆಯದು. ತಪ್ಪಾಗಿದೆ, ಇಪ್ಪತ್ತೊಂಬತ್ತು ಜನಕ್ಕೂ ಮತ್ತೆ ನಿಜವಾಗಿ ಕಲಿಸಬೇಕು ಎಂದು ಬರೆ. ಆ ಹೊದಿಕೆ ತೆಗೆಸು. ಕೀಲಿಕೈ ಶೇಷಗಿರಿಯ ಜೇಬಿನಿಂದ ಹಳ್ಳಿಯ ಹೆಂಗಸರ ಕೈಗೆ ಕೊಡಿಸು. ಕಲಿಸಲು ನಾನಿದ್ದೇನೆ, ಗಂಗಾಭವಾನಿ ಇದ್ದಾಳೆ. ಅಂದು ಆರತಿ ತಟ್ಟೆ ಹಿಡಿದು ನಾನೇ ಬರುತ್ತೇನೆ, ದೀಪಾವಳಿ ಮುಗಿದಿದ್ದರೂ ಸರಿ.

ವೈನಿಗೆ ನನ್ನ ನಮಸ್ಕಾರ ಹೇಳು. ರಚನಾ, ಸುಮುಖರಿಗೆ ಅತ್ತೆಯ ಆಶೀರ್ವಾದ. ಓದಿನಲ್ಲಿ ಬಂದದ್ದನ್ನು ಬಂದಷ್ಟೇ ಹೇಳುವ ಮಕ್ಕಳಾಗಲಿ. ನಿನಗೆ ಆಯುಷ್ಯ, ಆರೋಗ್ಯ ಇರಲಿ. ಇಷ್ಟು ಸಿಟ್ಟಿನಲ್ಲೂ ಅದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ನಿನ್ನ ತಂಗಿ,
ಸುಮಿತ್ರಾ

ತಾ.ಕ.: ನಾನು ಎದ್ದು ಹೊರಟಾಗ ನೀನು ಬಾಗಿಲಲ್ಲಿ ನಿಂತು "ಆಕಿ ನಿನಗೇನ್ ಆಗಬೇಕು?" ಎಂದು ಕೇಳಿದೆ. ಅದಕ್ಕೆ ಉತ್ತರ ಈಗ ಕೊಡುತ್ತೇನೆ. ತರಬೇತಿ ನಡೆಯುತ್ತಿದ್ದಾಗ ಶೇಷಗಿರಿ ನನಗೊಂದು ದಾರಿ ತೋರಿಸಿದ್ದ. "ಆಕೆಯ ಹೆಸರಿನಲ್ಲಿ ನಿಮ್ಮ ಬೆರಳು ಕೂಡಿಸಿಬಿಡೋಣ ಮೇಡಂ, ದೀಪ ಹಸಿರಾಗುತ್ತದೆ." ಒಪ್ಪಿದ್ದರೆ ಇವತ್ತು ಆ ಕುರ್ಚಿಯಲ್ಲಿ ಗಂಗಾಭವಾನಿ ಕೂತಿರುತ್ತಿದ್ದಳು. ನಾನು ಬೇಡ ಎಂದೆ. ಸುಳ್ಳು ಬೆರಳು ಬೇಡ, ವಿಜಯವಾಡದಲ್ಲಿ ನಮ್ಮ ಅಣ್ಣ ಇದ್ದಾನೆ, ಅವನು ಸರಿಮಾಡುತ್ತಾನೆ ಎಂದೆ. ಐದನೆಯ ತರಗತಿಯಲ್ಲಿ ಮಾಸ್ತರರು ತಪ್ಪಿ ನಿನಗೆ ಎರಡು ಅಂಕ ಹೆಚ್ಚು ಕೊಟ್ಟಾಗ, ನೀನೇ ಹೋಗಿ ಕಡಿಮೆ ಮಾಡಿಸಿಕೊಂಡು ಎರಡನೆಯ ನಂಬರಿಗೆ ಇಳಿದೆಯಲ್ಲ, ಆ ಕತೆಯನ್ನೂ ಗಂಗಾಭವಾನಿಗೆ ಹೇಳಿದೆ. ಆಕೆ ನಂಬಿದಳು. ಇವತ್ತು ಬೆಳಿಗ್ಗೆ ಹೋಗಿದ್ದೆ. ನಿನ್ನ ಪತ್ರ ಬಂದಿಲ್ಲ ಎಂದಷ್ಟೇ ಹೇಳಿದೆ, ಉಳಿದದ್ದನ್ನು ಹೇಳಲು ಬಾಯಿ ಬರಲಿಲ್ಲ. "ಅಂಥವರು ಸುಮ್ಮನೆ ತಡ ಮಾಡುವವರಲ್ಲ ಮೇಡಂಗಾರು, ಮೈಗೆ ಹುಷಾರಿಲ್ಲವೇನೋ" ಎಂದಳು. ಕಾರ್ತಿಕ ಸೋಮವಾರವಲ್ಲವೇ, ಸಂಜೆ ಶಿವಾಲಯದಲ್ಲಿ ನಿನ್ನ ಹೆಸರಿನಲ್ಲಿ ದೀಪ ಹಚ್ಚುತ್ತಾಳಂತೆ. ನಿನ್ನ ನಕ್ಷತ್ರ ಕೇಳಿದಳು. ಹೇಳಿ ಬಂದೆ.